ಅಂಗಳದ ರಾಗಿ

ಅವರು ಹೋಗಿಬಿಟ್ಟರು ಅಂತ ನನಗೆ ತಿಳಿದದ್ದು ದೊಡ್ಡಬಳ್ಳಾಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ, ಸಕ್ಕರೆ ನೋಡಿಸೋಕೆ ತೋಳು ಚಾಚಿಕೊಂಡು ಕೂತಿದ್ದಾಗ. ರಕ್ತ ತೆಗೆಯುವ ಹುಡುಗಿಯ ಕಣ್ಣು ಕೆಂಪಗಿತ್ತು. ಇವಳ ಕೈಗೆ ನನ್ನ ನರ ಕೊಡಬೇಕಲ್ಲಪ್ಪಾ ಅಂತ ನನಗೆ ಅನುಮಾನ.

"ಯಾಕಮ್ಮಾ, ನಿದ್ದೆ ಇಲ್ವಾ?"

"ಅಲ್ಲ ಮೇಡಂ. ನಮ್ಮ ಬಯಾಲಜಿ ಸಾರ್ ನೆನ್ನೆ ತೀರ್ಕೊಂಡ್ರು" ಅಂತ ಫೋನು ತಿರುಗಿಸಿ ತೋರಿಸಿದಳು. ಹಾರ ಹಾಕಿದ ಫೋಟೋ. ಅದರಲ್ಲೂ ಆಸಾಮಿ ಕಣ್ಣು ಕಿರಿದು ಮಾಡಿಕೊಂಡು, ಫೋಟೋ ತೆಗೆಯುವವನನ್ನೇ 'ಯಾರಪ್ಪಾ ನೀನು, ಇಲ್ಲೇನು ಕೆಲಸ' ಅನ್ನೋ ಹಾಗೆ ನೋಡುತ್ತಿದ್ದಾರೆ.

"ನಿಮಗೆ ಗೊತ್ತಾ ಮೇಡಂ ಇವರು?"

"ನೋಡಿದ್ದೀನಿ" ಅಂದೆ. ಹನ್ನೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು, ಒಂದೇ ಫ್ಲಾಸ್ಕಿನ ಟೀ ಕುಡಿದವಳು ನಾನು. ಬಾಯಿಂದ ಬಂದದ್ದು ಅಷ್ಟೇ.

ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ, ಇನ್ನೊಂದು ಸಲ ರಕ್ತ ಕೊಡಬೇಕು ಅಂದಳು ಹುಡುಗಿ. ಎದುರಿನ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕೂತೆ. ದುಃಖ ಬಂತು ಅಂತ ಬರೆದರೆ ಸುಳ್ಳಾಗುತ್ತೆ. ಬಂದದ್ದು ಕೋಪ. ಇಡೀ ಕಾಲೇಜಿನ ಮುಂದೆ ನನ್ನ ಹೆಸರು ಕೆಡಿಸಿದ ಮನುಷ್ಯ, 'ತಪ್ಪಾಯ್ತು' ಅಂತ ಒಂದೇ ಒಂದು ಮಾತು ನನಗೆ ಹೇಳದೆ ಎದ್ದು ಹೋದರಲ್ಲ! ಇನ್ನು ಆ ಮಾತನ್ನ ಯಾರ ಬಾಯಿಂದ ಕೇಳಲಿ?

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನೋದು ಕೊನೆಗೆ ತಿಳಿಯುತ್ತೆ.

ದೇವನಹಳ್ಳಿ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ, ಅವರು ಬಯಾಲಜಿ. ನಂದಗುಡಿ ಕಡೆಯ ಒಕ್ಕಲು ಮನೆತನದವರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಎರಡೂ ಜೇಬಲ್ಲಿ ಸೀಮೆಸುಣ್ಣ. ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಕಡೆ ಹೊಲದ ಬದುವಿನ ಮೇಲೆಲ್ಲ ಗುರುತು ಪರಿಚಯ ಇಲ್ಲದ ಕಾರುಗಳು ನಿಲ್ಲೋಕೆ ಶುರುವಾಯ್ತಲ್ಲ, ಇವರು ಬಸ್ಸಿನ ಕಿಟಕಿಯಿಂದ ಆ ಕಾರುಗಳ ನಂಬರೆಲ್ಲ ಅಂಗೈ ಮೇಲೆ ಬರೆದುಕೊಂಡು ಬರೋರು.

"ಯಾರ ಕಾರು ಸಾರ್ ಅದು?" ಅಂದರೆ, "ಯಾರು ಅನ್ನೋದು ಆಮೇಲೆ ಮೇಡಂ. ಎಲ್ಲಿ ಅನ್ನೋದು ಮೊದಲು. ರಾಗಿ ಹೊಲದಲ್ಲಿ ಕಾರಿಗೇನು ಕೆಲಸ?" ಅನ್ನೋರು.

ಅದು ಅವರ ಗಾದೆ. ಯಾರು ಆಮೇಲೆ, ಎಲ್ಲಿ ಮೊದಲು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಒಂದು ಗೇಣು ಆಚೀಚೆ ಆಗಿದ್ದರೂ ಕೂರುವ ಮೊದಲು ಒಂದು ಸುತ್ತು ಬಂದು ನೋಡೋರು. ಟಿಫನ್ ಡಬ್ಬಿ ಮುಚ್ಚಳ ತೆಗೆದು ಮೊದಲು ಮೂಸಿ ನೋಡೋರು. ಕಟ್ಟಿಕೊಟ್ಟವರು ಸ್ವಂತ ಹೆಂಡತಿ! "ಏನ್ ಸಾರ್, ಮನೆಯವರ ಮೇಲೂ ಅನುಮಾನವಾ?" ಅಂತ ನಾವು ರೇಗಿಸಿದರೆ, "ಅವಳ ಮೇಲಲ್ಲ, ಬಿಸಿಲಿನ ಮೇಲೆ. ಹುಳಿ ಹಳಸಿದ್ರೆ?" ಅಂತ ಮುಖ ಗಂಟಿಕ್ಕೋರು.

ಪಾಠ ಮಾತ್ರ, ಒಪ್ಪಲೇಬೇಕು, ಅವರ ಹಾಗೆ ಮಾಡೋರನ್ನ ನಾನು ಕಂಡಿಲ್ಲ. ನನ್ನ ಕ್ಲಾಸು, ಅವರ ಲ್ಯಾಬು, ನಡುವೆ ಒಂದೇ ಗೋಡೆ. ತಲೆ ಮೇಲೆ ವಿಮಾನ ಹೋಗುವಾಗ ಇಬ್ಬರೂ ಪಾಠ ನಿಲ್ಲಿಸಿ ಕಾಯ್ತಿದ್ವಿ. ಅದು ದಾಟಿದ ಮೇಲೆ ಮೊದಲು ಏಳುತ್ತಿದ್ದದ್ದು ಅವರ ದನಿ. ನನ್ನ ಮಕ್ಕಳ ಕಿವಿಯೂ ಆ ಕಡೆಗೇ, ಮುಚ್ಚಿಡೋದೇನು, ನನ್ನದೂ.

ಒಂದು ವರ್ಷ ಪುಸ್ತಕದಲ್ಲಿಲ್ಲದ ಪಾಠವೊಂದನ್ನ ಶುರು ಮಾಡಿದರು. ಎಲ್ಲೋ ಓದಿಕೊಂಡು ಬಂದಿದ್ದರು. ಹೊರಗಿನ ಡಿಎನ್‌ಎ ಜೀವಕೋಶದ ಒಳಗೆ ನುಗ್ಗಿದರೆ ಕೋಶಕ್ಕೆ ಹೇಗೆ ಗೊತ್ತಾಗುತ್ತೆ ಅನ್ನೋದು. ಪರೀಕ್ಷೆಗೆ ಬರಲ್ಲ ಸಾರ್ ಅಂತ ಮಕ್ಕಳು ಗೊಣಗಿದ್ದಕ್ಕೆ, "ಜ್ವರ ಬರುತ್ತಲ್ಲಾ, ಅದು ಸಿಲಬಸ್ ನೋಡ್ಕೊಂಡು ಬರುತ್ತೇನ್ರೋ?" ಅಂತ ಬಾಯಿ ಮುಚ್ಚಿಸಿದರು.

"ಜೀವಕೋಶ ಅಂದ್ರೆ ನಮ್ಮ ಕಡೆ ಹಳೇ ಮನೆ ಅಂದ್ಕೊಳ್ಳಿ. ಡಿಎನ್‌ಎ ಅಂದ್ರೆ ರಾಗಿ. ನಮ್ಮ ತಾತನ ಕಾಲದಲ್ಲಿ ರಾಗಿ ಎಲ್ಲಿಡ್ತಿದ್ರು?"

"ಹಗೇವಲ್ಲಿ ಸಾರ್!" ಅಂತ ಹಳ್ಳಿ ಮಕ್ಕಳು. ನೆಲದೊಳಗೆ ಬಾವಿ ಹಾಗೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವ ಹಗೇವು ಆ ಮಕ್ಕಳಲ್ಲಿ ಅರ್ಧ ಜನ ನೋಡಿದ್ದೂ ಇಲ್ಲ, ಹೆಸರು ಮಾತ್ರ ಗೊತ್ತು.

"ಆ ಹಗೇವೇ ಕೋಶಕೇಂದ್ರ. ರಾಗಿ ಅಲ್ಲಿದ್ರೆ ಚೆಂದ. ಬೆಳಗ್ಗೆ ಎದ್ದು ನೋಡಿದ್ರೆ ಅಂಗಳದಲ್ಲಿ ರಾಗಿ ಚೆಲ್ಲಿದೆ. ಏನರ್ಥ? ಯಾವನೋ ಒಳಗೆ ಬಂದಿದ್ದಾನೆ. ಕೆಲವು ವೈರಸ್ಸು ಹಾಗೇನೇ, ತನ್ನ ರಾಗಿ ಮೂಟೆ ತಾನೇ ಹೊತ್ಕೊಂಡು ನುಗ್ಗುತ್ತೆ. ಅಂಗಳದಲ್ಲೊಬ್ಬ ಕಾವಲುಗಾರ ಇದ್ದಾನೆ, ಸಿಗ್ಯಾಸ್ ಅಂತ ಅವನ ಹೆಸರು. ಅವನು ಕಾಳು ಎತ್ಕೊಂಡು ಇದು ನಮ್ಮ ಹೊಲದ್ದಾ, ಪಕ್ಕದೂರಿಂದಾ ಅಂತ ನೋಡಲ್ಲ. ನೋಡೋಕೂ ಬರಲ್ಲ ಅವನಿಗೆ. ಡಿಎನ್‌ಎ ಮೇಲೆ ಏನು ಬರೆದಿದೆ ಅಂತ ಓದೋದು ಅವನ ಕೆಲಸ ಅಲ್ಲ. ಅದು ಇರಬಾರದ ಜಾಗದಲ್ಲಿದೆ. ಸಾಕು! ಒಂದು ಸಣ್ಣ ಚೀಟಿ ಮಾಡಿ ಸ್ಟಿಂಗ್ ಅನ್ನೋ ಇನ್ನೊಬ್ಬನ ಕೈಗೆ ಕೊಡ್ತಾನೆ. ಅವನು ತಮಟೆ ಬಡಿಸ್ತಾನೆ. ಆ ತಮಟೆ ಸದ್ದೇ ಇಂಟರ್‌ಫೆರಾನು. ಅಕ್ಕಪಕ್ಕದ ಕೋಶಗಳೆಲ್ಲ ಕದ ಹಾಕ್ಕೊಂಡು ದೊಣ್ಣೆ ಹಿಡ್ಕೊಂಡು ನಿಲ್ತವೆ."

ಹಿಂದಿನ ಬೆಂಚಿನ ಒಂದು ಹುಡುಗಿ ಕೇಳಿದ್ದು ನನಗೆ ಈಗಲೂ ನೆನಪಿದೆ. "ಸಾರ್, ನಮ್ದೇ ರಾಗಿ ಅಂಗಳಕ್ಕೆ ಬಿದ್ದಿದ್ರೆ?"

ಗೋಡೆ ಆಚೆ ಸೀಮೆಸುಣ್ಣ ಕೆಳಗಿಟ್ಟ ಸದ್ದು.

"ಅದಕ್ಕೂ ಕೂಗ್ತಾನೆ ಕಣಮ್ಮ. ಅದಕ್ಕೇ ಕಸ ಗುಡಿಸೋ ಕಿಣ್ವ ಒಂದಿದೆ, ಚೆಲ್ಲಿದ ಕಾಳನ್ನ ಆಗಾಗ ಗುಡಿಸ್ತಾ ಇರುತ್ತೆ. ಅದು ಕೈ ಕೊಡ್ತು ಅಂದ್ಕೋ, ಮನೆ ರಾಗಿ ನೋಡ್ಕೊಂಡೇ ಕಾವಲುಗಾರ ಕೂಗ್ತಾನೇ ಇರ್ತಾನೆ. ಕಳ್ಳ ಬಂದಿರಲ್ಲ, ಏನೂ ಇರಲ್ಲ, ಮನೆಯೋರೇ ಮನೆಯೋರಿಗೆ ಬಡಿತಾರೆ. ಮೈಯೆಲ್ಲಾ ಉರಿ, ಚರ್ಮಕ್ಕೆ ಗಾಯ, ಕೀಲು ನೋವು. ಅದೇ ಒಂದು ರೋಗ."

ಇಷ್ಟು ಚೆನ್ನಾಗಿ ಗೊತ್ತಿದ್ದ ಮನುಷ್ಯ ನೋಡಿ.

ಅವರದು ಇನ್ನೊಂದು ಪದ್ಧತಿ ಇತ್ತು. ತಾವು ಹೇಳಿಕೊಟ್ಟದ್ದರಲ್ಲಿ ತಪ್ಪಿದೆ ಅಂತ ಗೊತ್ತಾದರೆ ಮಾರನೇ ದಿನ ಇಡೀ ಕ್ಲಾಸನ್ನ ಎಬ್ಬಿಸಿ ನಿಲ್ಲಿಸೋರು, ತಾವೂ ನೆಟ್ಟಗೆ ನಿಲ್ಲೋರು. "ತಿದ್ದುಪಡಿ!" ಅಂತ ಜೋರಾಗಿ ಹೇಳಿ, ಇಂಥ ದಿನ ನಾನು ಇಂಥದ್ದು ಹೇಳಿದ್ದೆ, ಅದು ತಪ್ಪು, ಸರಿ ಹೀಗೆ ಅನ್ನೋರು. ಮಕ್ಕಳು ಅದೇ ಹಳೇ ಹಾಳೆ ತೆಗೆದು ತಿದ್ದಿಕೊಂಡು ಒಟ್ಟಿಗೆ "ಬರ್ಕೊಂಡ್ವಿ ಸಾರ್" ಅನ್ನಬೇಕು. ಒಬ್ಬ ಅನ್ನದಿದ್ದರೂ ಪಾಠ ಮುಂದಕ್ಕೆ ಹೋಗಲ್ಲ. ಆ ಕೂಗು ಗೋಡೆ ದಾಟಿ ಬಂದಾಗ ನನ್ನ ಕ್ಲಾಸಿನವರು ನಗೋರು. ನಾನು ಗದರಿಸುತ್ತಿದ್ದೆ. ಮೇಷ್ಟ್ರಾದವನು ತಪ್ಪು ಒಪ್ಪಿಕೊಳ್ಳೋದು ನಗೋ ವಿಷಯ ಅಲ್ಲ ಕಣ್ರೋ ಅಂತ ಅವರ ಪರ ಮಾತಾಡಿದವಳು ನಾನೇ.

ಈಗ ಆ ಶುಕ್ರವಾರದ ಕತೆ.

ನಮ್ಮ ಕಾಲೇಜಿಗೆಲ್ಲ ಇದ್ದದ್ದು ಒಂದೇ ಫ್ರಿಡ್ಜು, ಬಯಾಲಜಿ ಲ್ಯಾಬಿನದು. ಬಾಳೆಹಣ್ಣಿನಿಂದ ಡಿಎನ್‌ಎ ತೆಗೆದು ತೋರಿಸೋಕೆ ತಣ್ಣನೆ ಸ್ಪಿರಿಟ್ಟು ಬೇಕಲ್ಲ, ಅದಕ್ಕೆ. ಕಿವುಚಿದ ಹಣ್ಣಿನ ರಸಕ್ಕೆ ಮೆಲ್ಲಗೆ ಸ್ಪಿರಿಟ್ ಹೊಯ್ದರೆ ಮೇಲೆ ಬಿಳೀ ನೂಲಿನ ಹಾಗೆ ಬರುತ್ತೆ. ಅದನ್ನ ಕಡ್ಡಿಗೆ ಸುತ್ತಿ ಎತ್ತೋರು. ಆ ಫ್ರಿಡ್ಜಿಗೆ ಬೇರೆ ಏನಾದರೂ ಇಟ್ಟವರ ಕೈ ಮುರೀತೀನಿ ಅಂತ ಅವರ ಆಜ್ಞೆ. ನಾವು ಮೂರು ಜನ ಹೆಂಗಸರು ಮೇಷ್ಟ್ರುಗಳು. ಶುಕ್ರವಾರ ಬೆಳಗ್ಗೆ ಬಸ್ ಸ್ಟ್ಯಾಂಡ್ ಹೂವಮ್ಮನ ಹತ್ತಿರ ಮಲ್ಲಿಗೆ ತಗೊಂಡರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಡಿ ಹೋಗ್ತಿತ್ತು. ಅಟೆಂಡರ್ ಅಕ್ಕಯ್ಯಮ್ಮನಿಗೆ ಹೇಳಿ, ಅವಳ ಕೈಲಿದ್ದ ಕೀಲಿಯಿಂದ ಬಾಗಿಲು ತೆಗೆಸಿ, ಸ್ಪಿರಿಟ್ ಬಾಟಲಿ ಹಿಂದೆ ಹೂವಿನ ಪೊಟ್ಟಣ ಬಚ್ಚಿಡುತ್ತಿದ್ದೆವು. ಎರಡು ವರ್ಷ ನಡೆಯಿತು ಈ ಕಳ್ಳಾಟ. ಸಾರ್ ಒಂದೆರಡು ಸಲ "ಸ್ಪಿರಿಟ್ಟು ಮಲ್ಲಿಗೆ ವಾಸನೆ ಹೊಡೀತಿದೆ, ಕಂಪನಿಯೋನು ಏನೋ ಬೆರೆಸಿದ್ದಾನೆ" ಅಂತ ಬಾಟಲಿ ಮೂಸಿ ಮೂಸಿ ನೋಡಿದ್ದರು. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಿದ್ದೆವು.

ಅವತ್ತು ಮಧ್ಯಾಹ್ನ ಹೂವು ತೆಗೆದುಕೊಳ್ಳೋ ಸರದಿ ನನ್ನದು. ಫ್ರಿಡ್ಜಿನ ಪಕ್ಕದಲ್ಲೇ ಕಬ್ಬಿಣದ ಬೀರು. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಟ್ಟಿದ್ದದ್ದು ಅದರಲ್ಲೇ. ಪೊಟ್ಟಣ ಕೈಗೆ ತಗೊಂಡಿದ್ದೇನೆ, ಬಾಗಿಲಲ್ಲಿ ಸಾರ್! ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಪೊಟ್ಟಣವನ್ನ ಫ್ರಿಡ್ಜಿನ ಹಿಂದಕ್ಕೆ ತುರುಕಿಬಿಟ್ಟೆ.

"ಏನು ಮೇಡಂ ಇಲ್ಲಿ?"

"ಏನಿಲ್ಲ ಸಾರ್, ಸುಮ್ನೆ."

ಕಣ್ಣು ಕಿರಿದು ಮಾಡಿ ನನ್ನನ್ನ ನೋಡಿದರು, ಬೀರು ನೋಡಿದರು, ಮತ್ತೆ ನನ್ನನ್ನ ನೋಡಿದರು. ಹೂವು ಅಂತ ಒಂದು ಮಾತು ಹೇಳಿದ್ದರೆ ಬೈಸಿಕೊಂಡು ಮುಗೀತಿತ್ತು. ಆದರೆ ಕೀಲಿ ಕೊಟ್ಟ ಅಕ್ಕಯ್ಯಮ್ಮ ದಿನಗೂಲಿಯವಳು, ಅವಳನ್ನ ಅವತ್ತೇ ಹೊರಗೆ ಹಾಕಿಸೋರು. ಬಾಯಿಗೆ ಬೀಗ ಹಾಕಿಕೊಂಡೆ.

ಸೋಮವಾರ ಗುಲ್ಲೆದ್ದಿತು. ಪ್ರಶ್ನೆಪತ್ರಿಕೆ ಹೊರಗೆ ಹೋಗಿದೆ, ಮಕ್ಕಳ ಕೈಯಲ್ಲಿ ಜೆರಾಕ್ಸ್ ಓಡಾಡ್ತಿದೆ. ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿ ಕೇಳಿದರು. ಎದ್ದು ನಿಂತವರು ಇವರು.

"ಕನ್ನಡ ಮೇಡಂ ಶುಕ್ರವಾರ ಬೀರು ಪಕ್ಕ ನಿಂತಿದ್ರು. ಅವರೇ ತೆಗೆದ್ರು ಅಂತ ನಾನು ಹೇಳಲ್ಲ. ನಿಂತಿದ್ರು, ಅಷ್ಟೇ" ಅಂದರು. ಆಮೇಲೆ ನನ್ನ ಹೆಸರನ್ನೂ ಹೇಳಿದರು, ಪೂರ್ತಿ ಹೆಸರು, ಅಲ್ಲಿ ಗೊತ್ತಿಲ್ಲದವರು ಯಾರೋ ಇದ್ದಾರೆ ಅನ್ನೋ ಹಾಗೆ.

"ಹನ್ನೆರಡು ವರ್ಷದಿಂದ ನನ್ನನ್ನ ನೋಡ್ತಿದ್ದೀರಲ್ಲ ಸಾರ್" ಅಂದೆ. "ಯಾರು ಅಂತ ನೋಡೋದೇ ಇಲ್ವಾ ನೀವು?"

"ಯಾರು ಅನ್ನೋದು ಆಮೇಲೆ ಮೇಡಂ."

ನನ್ನ ಜೊತೆ ಹೂವು ಇಡುತ್ತಿದ್ದ ಇಬ್ಬರೂ ತಲೆ ತಗ್ಗಿಸಿ ಮೇಜಿನ ಮರ ನೋಡುತ್ತಿದ್ದರು. ಬಾಗಿಲ ಹತ್ತಿರ ಅಕ್ಕಯ್ಯಮ್ಮ ಟೀ ಲೋಟ ಹಿಡಿದು ನಿಂತಿದ್ದಳು, ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು. ನಾನು ಹೂವಿನ ಮಾತು ಎತ್ತಲಿಲ್ಲ.

ಯಾವುದೂ ರುಜುವಾತಾಗಲಿಲ್ಲ. ಆದರೂ ತಿಂಗಳು ತುಂಬುವುದರೊಳಗೆ ನನ್ನನ್ನ ನೆಲಮಂಗಲದ ಕಡೆ ಹಾಕಿದರು. ದಿನಾ ಮೂರು ಬಸ್ಸು ಬದಲಾಯಿಸಿಕೊಂಡು ಓಡಾಡಿದೆ. ಅಲ್ಲಿಗೆ ಹೋಗಿ ಕೂರುವ ಮೊದಲೇ ಸುದ್ದಿ ಹೋಗಿ ಕೂತಿತ್ತು. ನಾನು ನಿವೃತ್ತಿ ಆಗುವವರೆಗೂ ಆ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಕಟ್ಟು ಬಿಚ್ಚುವಾಗ ನನ್ನನ್ನ ಯಾರೂ ಕರೆಯುತ್ತಿರಲಿಲ್ಲ. ಬಾಯಿಬಿಟ್ಟು ಏನೂ ಅನ್ನೋರಲ್ಲ, "ನೀವು ಟೀ ಕುಡೀತಿರಿ ಮೇಡಂ" ಅನ್ನೋರು.

ಬರುಬರುತ್ತಾ ನನಗೂ ಅವರ ರೋಗವೇ ಅಂಟಿತು. ಯಾರಾದರೂ ನಕ್ಕು ಮಾತಾಡಿಸಿದರೆ ಯಾಕೆ ನಕ್ಕರು, ಯಾರ ಹತ್ತಿರ ಏನು ಕೇಳಿಕೊಂಡು ಬಂದಿದ್ದಾರೆ ಅಂತ ಯೋಚನೆ. ಒಂದು ಸಲ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವರು ದೂರದಿಂದ ಕಂಡರು. ನನ್ನ ಕಡೆಗೆ ನಾಲ್ಕು ಹೆಜ್ಜೆ ಬಂದರು, ನಿಂತರು, ಕನ್ನಡಕ ತೆಗೆದು ಒರೆಸಿದರು, ತಟ್ಟನೆ ತಿರುಗಿ ಹೊರಡುತ್ತಿದ್ದ ಬಸ್ಸೊಂದು ಹತ್ತಿಬಿಟ್ಟರು. ಅದು ಚಿಕ್ಕಬಳ್ಳಾಪುರದ ಬಸ್ಸು, ಅವರಿಗೆ ಆ ಕಡೆ ಯಾರೂ ಇಲ್ಲ. ನಾನೆಲ್ಲಿ ನಿಂತಿದ್ದೀನಿ ಅಂತ ನೋಡಿಕೊಂಡು ಹೋದರು, ಇದನ್ನೂ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ ಅಂತ ನಾನು ಮನಸ್ಸಲ್ಲೇ ಬೈದುಕೊಂಡೆ.

ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು. ಸೂಲಿಬೆಲೆಗೆ ಮದುವೆಯಾಗಿ ಹೋದ ಹಳೇ ವಿದ್ಯಾರ್ಥಿನಿ ಒಬ್ಬಳು ಸಿಕ್ಕಿದಾಗ ಹೇಳಿದಳು, "ಬಯಾಲಜಿ ಸಾರ್ ಫೋನ್ ಮಾಡಿದ್ರು ಮೇಡಂ! ಕಾವಲುಗಾರ ಅಂಗಳದಲ್ಲಿ ಮಾತ್ರ ಇರ್ತಾನೆ ಅಂತ ನಮಗೆ ಹೇಳಿಕೊಟ್ಟಿದ್ರಲ್ಲ, ಹಗೇವಿನ ಒಳಗೂ ಇರ್ತಾನಂತೆ. ಮನೆ ರಾಗಿ ನೋಡಿ ಕೂಗದೇ ಇರಲಿ ಅಂತ ಅವನನ್ನ ಅಲ್ಲಿ ಕಟ್ಟಿಹಾಕಿರ್ತಾರಂತೆ. ತಿದ್ದುಪಡಿ ಅಂದ್ರು. ಮಗೂನ ಸೊಂಟದ ಮೇಲೆ ಇಟ್ಕೊಂಡೇ ಬರ್ಕೊಂಡೆ ಸಾರ್ ಅಂದೆ." ಅವಳು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಿಗೆ ಕಾಣದ ಕಾವಲುಗಾರನ ವಿಷಯಕ್ಕೆ ಊರೂರಿಗೆ ಫೋನ್ ಮಾಡೋಕೆ ಆಗುತ್ತೆ, ನನ್ನ ನಂಬರು ಮಾತ್ರ ಸಿಗಲಿಲ್ವಾ?

ಇಷ್ಟೆಲ್ಲ ನೆನೆಸಿಕೊಳ್ಳೋ ಹೊತ್ತಿಗೆ ಇಡ್ಲಿ ತಣ್ಣಗಾಗಿತ್ತು. ಎರಡು ಗಂಟೆ ಆಯ್ತು ಅಂತ ಎದ್ದು ಲ್ಯಾಬಿಗೆ ವಾಪಸ್ ಹೋದೆ.

ಹುಡುಗಿ ತೋಳಿಗೆ ಪಟ್ಟಿ ಬಿಗಿಯುತ್ತಾ ತಾನಾಗೇ ಮಾತು ಶುರು ಮಾಡಿದಳು. ಸತ್ತವರ ಬಗ್ಗೆ ಮಾತಾಡೋಕೆ ಅವಳಿಗೆ ಯಾರಾದರೂ ಬೇಕಿತ್ತು.

"ನಮ್ಮ ಸಾರ್ ಒಂದು ಪಾಠ ಮಾಡೋರು ಮೇಡಂ, ಅಂಗಳದ ರಾಗಿ ಅಂತ. ಅದು ಮುಗಿದ್ಮೇಲೆ ಪ್ರತಿ ವರ್ಷ ಒಂದು ಕತೆ ಹೇಳೋರು. ಅವರ ಕಾಲೇಜಲ್ಲಿ ಒಬ್ರು ಕನ್ನಡ ಮೇಡಂ ಇದ್ರಂತೆ. ಬೀರು ಪಕ್ಕ ನಿಂತಿದ್ರು ಅನ್ನೋದೊಂದೇ ನೋಡಿ ಸಾರ್ ಅವರ ಮೇಲೆ ಅನುಮಾನ ಪಟ್ಟು ಎಲ್ಲರ ಮುಂದೆ ಹೇಳಿಬಿಟ್ರಂತೆ. ಆಮೇಲೆ ಗೊತ್ತಾಯ್ತಂತೆ, ಪೇಪರ್ ಹೋಗಿದ್ದು ಜೆರಾಕ್ಸ್ ಅಂಗಡಿಯಿಂದ. ಫ್ರಿಡ್ಜು ರಿಪೇರಿಗೆ ಅಂತ ಎಳೆದಾಗ ಹಿಂದೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಸಿಕ್ತಂತೆ, ಒಣಗಿ ಕಡ್ಡಿ ಆಗಿತ್ತಂತೆ. ಅಟೆಂಡರಮ್ಮ ಅಲ್ಲೇ ಕೂತು ಅತ್ತು ಎಲ್ಲಾ ಹೇಳಿದ್ರಂತೆ, ಅವರ ಕೆಲಸ ಹೋಗಬಾರದು ಅಂತಾನೇ ಆ ಮೇಡಂ ಬಾಯಿ ಬಿಡ್ಲಿಲ್ಲ ಅಂತ."

ನಾನು ಗೋಡೆ ನೋಡುತ್ತಿದ್ದೆ. ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ.

"ಕಾವಲುಗಾರನಿಗೆ ಓದೋಕೆ ಬರಲ್ಲ, ಅದು ಅವನ ತಪ್ಪಲ್ಲ. ನನಗೆ ಬರುತ್ತಿತ್ತು, ನಾನು ಓದಲಿಲ್ಲ, ಅನ್ನೋರು ಮೇಡಂ. ಎರಡು ಸಲ ಅವರ ಮನೆ ಬೀದಿ ತನಕ ಹೋಗಿ ಮುಖ ತೋರಿಸೋಕೆ ಆಗ್ದೆ ವಾಪಸ್ ಬಂದ್ರಂತೆ. ಆ ಮೇಡಂ ನಿಮ್ಮಲ್ಲಿ ಯಾರಿಗಾದ್ರೂ ಸಿಕ್ಕಿದ್ರೆ ತಪ್ಪು ನಂದು ಅಂತ ಹೇಳ್ರಪ್ಪಾ ಅನ್ನೋರು. ಹೆಸರೇನು ಸಾರ್ ಅಂದ್ರೆ ಹೇಳ್ತಿರಲಿಲ್ಲ. ಒಂದ್ಸಲ ಅವರ ಹೆಸರು ಹೇಳಿ ಕೆಡಿಸಿದ್ದೀನಿ, ಎರಡನೇ ಸಲ ನನ್ನ ಬಾಯಲ್ಲಿ ಬರಲ್ಲ ಅನ್ನೋರು."

ಅಯ್ಯೋ ಮಹಾನುಭಾವ! ಹೆಸರು ಹೇಳದೆ ಕಳಿಸಿದರೆ ಮಕ್ಕಳು ನನ್ನನ್ನ ಹೇಗೆ ಹುಡುಕಬೇಕು? ವರ್ಷ ವರ್ಷವೂ ಕ್ಲಾಸಿನ ಮಕ್ಕಳಿಗೆಲ್ಲ ಹೇಳಿದ್ದಾರೆ, ನನ್ನೊಬ್ಬಳನ್ನ ಬಿಟ್ಟು. ಬೀದಿ ತನಕ ಬಂದವರಿಗೆ ಬಾಗಿಲ ತನಕ ಬರೋಕೆ ಏನಾಗಿತ್ತು? ಬೈದಿದ್ದರೂ ಆಮೇಲೆ ಕೂರಿಸಿ ಕಾಫಿ ಕೊಡುತ್ತಿರಲಿಲ್ವಾ ನಾನು? ಕೋಪ ಇನ್ನೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಅದು ಕೋಪದ್ದಲ್ಲ.

"ನೋವಾಯ್ತಾ ಮೇಡಂ?" ಹುಡುಗಿ ಗಾಬರಿಯಾಗಿ ಹತ್ತಿ ಒತ್ತಿದಳು. "ಮಾತಾಡ್ತಾ ಜೋರಾಗಿ ಚುಚ್ಚಿಬಿಟ್ನೇನೋ."

"ಇಲ್ಲಮ್ಮ."

"ನೀವೂ ಟೀಚರ್ ಆಗಿದ್ರಿ ಅಲ್ವಾ ಮೇಡಂ? ಯಾವ ಸಬ್ಜೆಕ್ಟು?"

"ಕನ್ನಡ" ಅಂದೆ.

ಹತ್ತಿ ಒತ್ತಿದ್ದ ಬೆರಳು ಹಾಗೇ ನಿಂತಿತು. ನನ್ನ ಮುಖ ನೋಡಿದಳು, ಕಣ್ಣು ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಸ್ಟೂಲು ಹಿಂದಕ್ಕೆ ತಳ್ಳಿ ಎದ್ದು, ಕ್ಲಾಸಿನಲ್ಲಿ ನಿಲ್ಲೋ ಹಾಗೆ ಎರಡೂ ಕೈ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತಳು.

"ತಿದ್ದುಪಡಿ, ಮೇಡಂ" ಅಂದಳು.

ತೋಳಿನ ಹತ್ತಿ ಒತ್ತಿಕೊಂಡು ನಾನೂ ಎದ್ದು ನಿಂತೆ.

"ಬರ್ಕೊಂಡೆ ಸಾರ್" ಅಂದೆ.